ಕಂಸಾಳೆ ತಿಂದ ಬ್ಲೂಟೂತು

ನಮ್ಮ ಸೋದರಮಾವನಿಗೆ ಬೇಗ ಸಿಟ್ಟು ಬರುತ್ತದೆ ಎಂದು ಕೊಳ್ಳೇಗಾಲದಲ್ಲಿ ಕೆಲವರು ಹೇಳುತ್ತಾರೆ. ಶುದ್ಧ ಸುಳ್ಳು. ಬರಬೇಕಾದರೆ ಅದು ಮೊದಲು ಎಲ್ಲಿಗಾದರೂ ಹೋಗಿರಬೇಕಲ್ಲವೆ? ನನಗೆ ಬುದ್ಧಿ ತಿಳಿದಾಗಿನಿಂದ ನೋಡುತ್ತಿದ್ದೇನೆ, ಅದು ಅವರ ಮೂಗಿನ ತುದಿ ಬಿಟ್ಟು ಸಂತೆಗೂ ಹೋದದ್ದಿಲ್ಲ. ಕಾಫಿ ಬಿಸಿಯಿದ್ದರೆ ಕಾಫಿಯ ಮೇಲೆ ಸಿಟ್ಟು, ಆರಿದ್ದರೆ ಲೋಟದ ಮೇಲೆ. ಎರಡೂ ಸರಿಯಿದ್ದರೆ, "ಇವತ್ತೇನು ಎಲ್ಲಾ ಇಷ್ಟು ಸರಿಯಾಗಿ ಅದೆ?" ಎಂದು ಅತ್ತೆಯ ಮೇಲೆ.

ಇಂಥವರಿಗೆ ಉಡುಗೊರೆ ಕೊಡುವ ಧೈರ್ಯ ಮಾಡಿದವನು ಅವರ ಮಗಳ ಗಂಡ, ಹನೂರಿನವನು. ಮಾವ ರೇಷ್ಮೆ ಮಗ್ಗಗಳನ್ನು ನಿಲ್ಲಿಸಿ ಮನೆಯಲ್ಲಿ ಕೂತ ಮೇಲೆ, ಹೊತ್ತು ಹೋಗಲಿ ಪಾಪ ಎಂದು ಎದೆಯೆತ್ತರದ ಎರಡು ಸ್ಪೀಕರು, ನಡುವೆ ಒಂದು ಕರೀ ಪೆಟ್ಟಿಗೆ ತಂದು ನಡುಮನೆಯಲ್ಲಿ ನಿಲ್ಲಿಸಿದ. ಮಾವ ಅದಕ್ಕೆ ಪ್ರದಕ್ಷಿಣೆ ಬಂದರು. ಹಿಂದೆ ಬಗ್ಗಿ ನೋಡಿದರು.

"ಫೋನಿಂದ ಇದ್ಕೆ ವೈರೆಲ್ಲಪ್ಪ?"

"ವೈರ್ ಬ್ಯಾಡ ಮಾವ. ಮ್ಯೂಸಿಕ್ಕು ಗಾಳೀಲೇ ಬತ್ತದೆ."

"ಗಾಳೀಲಿ ಬರೋದು ಧೂಳು. ಎಳೆ ಇಲ್ದೆ ಸೀರೆ ನೇಯ್ದೋರುಂಟೇನಯ್ಯ?"

ಮಾವನ ಲೋಕವೇ ಎಳೆಯದು. ಮಗ್ಗದ ಮನೆಯಲ್ಲಿ ಆರು ಪವರ್‌ಲೂಮು ಒಟ್ಟಿಗೆ ಬಡಿದುಕೊಳ್ಳುವಾಗ ಬಾಯಿಗೆ ಕೆಲಸವಿರಲಿಲ್ಲ, ಎಲ್ಲವೂ ಕೈಸನ್ನೆ. ಎರಡು ಬೆರಳು ಅಗಲಿಸಿದರೆ ಎಳೆ ಕಡಿದಿದೆ ಎಂದು. ಹೆಬ್ಬೆರಳಿಗೆ ತೋರುಬೆರಳು ಉಜ್ಜಿದರೆ ಎಳೆ ಕೂಡಿತು, ಮಗ್ಗ ನಡೆಸು ಎಂದು. ಮಾವ ಅತ್ತೆ ಸಂಸಾರ ಮಾಡಿದ್ದೇ ಈ ಭಾಷೆಯಲ್ಲಿ. ಪುಣ್ಯ! ಬಾಯಲ್ಲಿ ಮಾತಾಡಿದ್ದರೆ ಆ ಮದುವೆ ವರ್ಷ ತುಂಬುತ್ತಿರಲಿಲ್ಲ.

ಮೊದಲ ದಿನ ಮಾದಪ್ಪನ ಹಾಡು ಹಾಕಿದೆವು. ಮಾವನಿಗೆ ಬೇರೆ ಹಾಡು ಸೇರುವುದಿಲ್ಲ. ಅದರಲ್ಲೂ ಅವರಿಗೆ ಬೇಕಾದದ್ದು ಕಂಸಾಳೆ. ಮಾದಪ್ಪನ ಹೆಸರಲ್ಲಿ ಹಾಡಿ ಭಿಕ್ಷೆ ಬೇಡುವ ಗುಡ್ಡರು ಅಂಗೈಯಲ್ಲಿ ಕಂಚಿನ ಬಟ್ಟಲು ಹಿಡಿದು, ಮೇಲಿನಿಂದ ಇನ್ನೊಂದು ಕಂಚಿನಿಂದ ಬಡಿದಾಗ ಝಣ್ ಎನ್ನುತ್ತದಲ್ಲ, ಅದು. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಮಾವ ಎದ್ದು ನಿಂತು ಎರಡು ಬೆರಳು ಅಗಲಿಸಿದರು.

"ಕಂಸಾಳೆ ಎಲ್ಲೋಯ್ತು? ತಗಡಿಗೆ ಗೋಣಿಚೀಲ ಒದ್ದಿಸಿ ಬಡ್ದಂಗದೆ."

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಭಾನುವಾರ ಯಳಂದೂರಿನಲ್ಲಿ ತಣ್ಣಗೆ ಪೇಪರು ಓದುತ್ತಾ ಕೂರುವವನನ್ನು, ನಾಲ್ಕಕ್ಷರ ಓದಿದ್ದಾನೆಂಬ ಒಂದೇ ತಪ್ಪಿಗೆ ವಾರವಾರವೂ ಕೊಳ್ಳೇಗಾಲದ ಬಸ್ಸು ಹತ್ತಿಸಿದರು. ನಾನೂ ಬುದ್ಧಿಯಿಲ್ಲದೆ ವಿವರಿಸಲು ಹೋದೆ. ಬ್ಲೂಟೂತಿನಲ್ಲಿ ಹಾಡನ್ನು ಇಡಿಯಾಗಿ ಕಳಿಸಲು ಜಾಗ ಸಾಲದು, ಹಿಂಡಿ ಸಣ್ಣದು ಮಾಡಿ ಕಳಿಸುತ್ತಾರೆ, ಕಿವಿಗೆ ಗೊತ್ತಾಗದಂಥದ್ದನ್ನು ಬಿಟ್ಟುಬಿಡುತ್ತಾರೆ ಎಂದೆ.

ಮಾವನ ಮುಖ ಕೆಂಪಾಯಿತು. "ಯಾರ ಕಿವಿಗೆ?"

"ಅಂದ್ರೆ, ಸಾಮಾನ್ಯವಾಗಿ ಜನಗಳ ಕಿವಿಗೆ."

"ನನ್ ಕಿವೀಗೆ ಏನ್ ಬೇಕು ಏನ್ ಬ್ಯಾಡ ಅಂತ ತೀರ್ಮಾನ ಮಾಡೋಕೆ ಅವನ್ಯಾವನ್ಲಾ? ಯಾರೂ ನೋಡಕುಲ್ಲ ಅಂತ ಒಳಸೆರಗಿಗೆ ಜರಿ ಕಮ್ಮಿ ಆಕಿದ್ನಾ ನಾನು, ಯಾವತ್ತಾರ?"

ಜರಿ ಕದ್ದವನು ನಾನೇ ಎಂಬಂತೆ ತಲೆ ತಗ್ಗಿಸಿದೆ. ಅದಕ್ಕಿಂತ ಆಶ್ಚರ್ಯವೆಂದರೆ ಅಡುಗೆಮನೆಯಿಂದ ಅತ್ತೆಯೂ, "ಊ ಕಣಪ್ಪ, ಸೌಂಡು ಸರಿಯಿಲ್ಲ" ಎಂದದ್ದು. ಸೂರ್ಯ ಮೂಡಲಿಗೆ ಹುಟ್ಟುತ್ತಾನೆಂದು ಮಾವ ಹೇಳಿದರೆ ಅದನ್ನೂ ಒಪ್ಪದ ಅತ್ತೆ!

ಮುಂದಿನ ವಾರ ಬ್ಲೂಟೂತು ಬಿಡಿಸಿ ವೈಫೈಗೆ ಹಾಕಿದೆ. ಆ್ಯಪಿನಲ್ಲಿ ಕ್ವಾಲಿಟಿ ಎಂದು ಬರೆದಿದ್ದ ಕಡೆಯೆಲ್ಲ ತುದಿಮುಟ್ಟ ತಳ್ಳಿದೆ. ನನ್ನ ಕಿವಿಗೇನೋ ಕಂಸಾಳೆ ಚೆನ್ನಾಗಿಯೇ ಝಣ್ ಎಂದಿತು. ಮಾವ ಎರಡು ಬೆರಳು ಅಗಲಿಸಿದರು. ಊಟಕ್ಕೆ ಏಳಿ ಎಂದು ಅತ್ತೆಯೂ ಕೈಸನ್ನೆಯಲ್ಲೇ ಕರೆದರು. ಮಗ್ಗ ನಿಂತಿದ್ದರೂ ಇದೇನು? ಮಾತು ಬಿಟ್ಟಿರಬೇಕು ಎಂದುಕೊಂಡೆ. ಇಂಥವರ ಜೊತೆ ಬಿಡದೆ ಇನ್ನೇನು ಮಾಡುತ್ತಾರೆ?

ಹನೂರಿನ ಅಳಿಯನಿಗೆ ಫೋನು ಮಾಡಿದೆ. ಅಕ್ಕಪಕ್ಕದ ಮಿಷನ್ನುಗಳೂ ಸಿಗ್ನಲ್ ಕೆಡಿಸುತ್ತವೆ ಎಂದ. ಅದನ್ನು ನಾನು ಹೇಳಿ ಬಾಯಿ ಮುಚ್ಚುವ ಮೊದಲೇ ಮಾವ ಪಂಚೆ ಎತ್ತಿಕಟ್ಟಿ ಪಕ್ಕದ ಮನೆಯ ಬಾಗಿಲಲ್ಲಿದ್ದರು.

"ನೋಡವ್ವ, ನಿಮ್ಮ ಮಿಕ್ಸಿ ನಮ್ಮನೆ ಕಂಸಾಳೆನ ರುಬ್ಬಾಕ್ತಾ ಅದೆ."

ಆಕೆ ಕೈಯಲ್ಲಿ ಸೌಟು ಹಿಡಿದೇ ಬಂದರು. "ರುಬ್ಬಿದ್ದಾಯ್ತು ಕಣಣ್ಣ. ಬಟ್ಲು ತಕಬನ್ನಿ, ಒಗ್ಗರಣೆನೂ ಆಕ್ಕೊಡ್ತೀನಿ."

ಅಂದು ಮಾವನ ಸಿಟ್ಟು ಬೀದಿಯ ಕೊನೆಯ ಮನೆಯವರೆಗೂ ಸ್ವಚ್ಛವಾಗಿ ಕೇಳಿಸಿತು. ವೈರಿಲ್ಲದೆ.

ಕೊನೆಗೆ ನನಗೂ ರೇಗಿತು. ಅಂಗಡಿಗೆ ಹೋಗಿ ವೈರು ತಂದೆ. ಒಂದು ತುದಿ ಫೋನಿಗೆ, ಇನ್ನೊಂದು ಪೆಟ್ಟಿಗೆಗೆ ಸಿಕ್ಕಿಸಿ, "ತಕಳಿ ನಿಮ್ಮ ಎಳೆ" ಎಂದು ಹಾಡು ಹಾಕಿದೆ. ಗೂಡಿನಲ್ಲಿದ್ದ ಸ್ಟೀಲು ಲೋಟಗಳು ಅದುರಿದವು. ಮಾವ ಕಣ್ಣು ಮುಚ್ಚಿ ಕೇಳಿದರು. ಕಣ್ಣು ತೆರೆದರು.

"ವೈರೂ ಡೂಪ್ಲಿಕೇಟು."

"ಮಾವ, ಡಾಕ್ಟ್ರಿಗೆ ಒಂದ್ಸಲ ಕಿವಿ ತೋರ್ಸಿ" ಎಂದೇಬಿಟ್ಟೆ.

ಅವರು ಕೂಗಾಡುತ್ತಾರೆಂದು ಕಾದೆ. ಕೂಗಾಡಲಿಲ್ಲ. "ಆರು ಮಗ್ಗದ ಸದ್ದೊಳಗೆ ಒಂದೆಳೆ ಕಡಿದ್ರೆ ಕಂಡಿಡಿದ ಕಿವಿ ಕಣ್ಲಾ ಇದು" ಎಂದು ಎದ್ದು ಹಿತ್ತಲಿಗೆ ಹೋದರು. ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನು ದುರುಗುಟ್ಟಿ ನೋಡಿದರು. "ನಿಂಗ್ಯಾಕ್ ಬೇಕಿತ್ತು ಆ ಮಾತು? ಸೌಂಡೇ ಸರಿಯಿಲ್ಲ ಅಂದ್ನಲ್ಲ ನಾನು." ಇದೊಳ್ಳೆ ಮನೆ, ಇಲ್ಲಿ ಸಿಟ್ಟು ಅಂಟುಜಾಡ್ಯ ಎಂದು ಗೊಣಗಿಕೊಂಡು ಬಸ್ಸು ಹತ್ತಿದೆ.

ಇನ್ನೊಂದು ಭಾನುವಾರ, ನಾನು ಹೋಗಿ ಇನ್ನೂ ಚಪ್ಪಲಿ ಬಿಟ್ಟಿಲ್ಲ, ಅಜ್ಜೀಪುರದ ಕಡೆಯ ಗುಡ್ಡನೊಬ್ಬ ಭಿಕ್ಷೆಗೆಂದು ಜಗಲಿಯ ಮುಂದೆ ಬಂದು ನಿಂತ. ಮಾವನಿಗೆ ಕೋರ್ಟಿನಲ್ಲಿ ಸಾಕ್ಷಿ ಸಿಕ್ಕಂತಾಯಿತು. ನನ್ನ ರಟ್ಟೆ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಈಗ ಕೇಳ್ಲಾ. ಕಂಸಾಳೆ ಅಂದ್ರೆ ಇದು. ನಿನ್ನ ಅಂಗಡಿ ಮಾಲಲ್ಲ."

ಗುಡ್ಡ ಬಾರಿಸಿದ. ಬೀದಿಯಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು. ಪಕ್ಕದ ಮನೆಯಾಕೆ ಕೈಮುಗಿಯುತ್ತಾ ಹೊರಗೆ ಬಂದರು. ಮಾವ ತಲೆ ಒಂದು ಕಡೆಗೆ ವಾಲಿಸಿ ಕಾಯುತ್ತಿದ್ದರು. ಗುಡ್ಡನ ಕೈ ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು, ಮಾವನ ಹುಬ್ಬು ಗಂಟಾಗುತ್ತಾ ಹೋಯಿತು.

"ಏನಯ್ಯ," ಎಂದರು, "ನಿಂದೂ ಬ್ಲೂಟೂತಾ?"

ನಗು ಬರಬೇಕಾಗಿತ್ತು. ಪಕ್ಕದ ಮನೆಯಾಕೆಗೂ ಬರಲಿಲ್ಲ. ಗುಡ್ಡ ಏನೂ ತಿಳಿಯದೆ ಕೈ ನಿಲ್ಲಿಸಿದ. ಆಡಿದ ಮಾತು ಮಾವನಿಗೂ ಆಮೇಲೆ ತಟ್ಟಿತೆಂದು ಕಾಣುತ್ತದೆ. ಬೈಯಲು ಯಾರಾದರೂ ಸಿಗುತ್ತಾರೇನೋ ಎಂದು ಸುತ್ತ ನೋಡಿದರು. ಅಳಿಯನಿಲ್ಲ, ಮಿಕ್ಸಿಯಿಲ್ಲ, ವೈರೂ ಇಲ್ಲ. ಸಂತೆಗೂ ಹೋಗದ ಆ ಸಿಟ್ಟು ಅವತ್ತು ಮೊದಲ ಸಲ ಮಾವನನ್ನು ಒಬ್ಬರನ್ನೇ ಬಿಟ್ಟು ಎಲ್ಲಿಗೋ ಹೋಯಿತು. ಅದಿಲ್ಲದ ಅವರ ಮುಖವನ್ನು ನಾನು ನೋಡಿಯೇ ಇರಲಿಲ್ಲ. ತೀರ ಸಣ್ಣ ಮುಖ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಜಗಲಿಗೆ ಬಂದರು. ಗುಡ್ಡನ ಎಡಗೈಯ ಬಟ್ಟಲಿಗೆ ಕೈ ಚಾಚಿದರು. ಅವನು ಅನುಮಾನಿಸಿದ.

"ಮಾದಪ್ಪ ಏನೂ ಅನ್ನಕುಲ್ಲ, ಕೊಡು ಮಗ."

ಬಟ್ಟಲನ್ನು ಕಣ್ಣಿಗೊತ್ತಿಕೊಂಡು ಮಾವನ ಎಡ ಅಂಗೈಯಲ್ಲಿಟ್ಟರು. ಆ ಕೈಯ ಕೆಳಗೆ ತಮ್ಮ ಕೈಯನ್ನೂ ಕೊಟ್ಟು ಹಿಡಿದರು. "ಊ, ಈಗ ಒಡಿ."

ಕಂಚು ಕಂಚಿನ ಮೇಲೆ ಬಿತ್ತು. ಮಾವನ ಮೊಣಕೈ ತನಕ ಆ ಅದುರು ಹತ್ತಿಹೋದದ್ದು ನನಗೇ ಕಂಡಿತು. ಗುಡ್ಡ ಇನ್ನೊಂದು ಪೆಟ್ಟು ಕೊಟ್ಟ. ಮತ್ತೊಂದು.

ಮಾವ ಅತ್ತೆಯ ಮುಖವನ್ನೇ ನೋಡುತ್ತಾ ಬಲಗೈ ಎತ್ತಿ, ಹೆಬ್ಬೆರಳಿಗೆ ತೋರುಬೆರಳು ಉಜ್ಜಿದರು.