ಮೆಟ್ಟಿಲ ಮೇಲೆ ಚಪ್ಪಲಿ, ಮನೆಯಲ್ಲಿ ಕಾಲು

ಶೈಲಜಮ್ಮ: ಮತ್ತೆ ಬರಿಗಾಲಲ್ಲಿ ಬಂದ್ರಾ? ಹೆಬ್ಬೆರಳಲ್ಲಿ ಕೀವಾಗಿದೆ ಕಣ್ರೀ!

ಮಲ್ಲಿಕಾರ್ಜುನಯ್ಯ: ಅದನ್ನ ತೋರ್ಸೋಕೇ ಕಣೇ ಚಪ್ಪಲಿ ಇಟ್ಟು ಬಂದಿರೋದು.

ತೊಂಬತ್ತರ ದಶಕದ ಚಾಮರಾಜಪೇಟೆಯಲ್ಲಿ ಡಾಕ್ಟರ್ ವಾದಿರಾಜರ ಕ್ಲಿನಿಕ್ಕಿನ ಪದ್ಧತಿಯೇ ಹಾಗೆ. ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಚಪ್ಪಲಿ ಸಾಲಾಗಿ ಇಟ್ಟು ಬಂದರೆ ಅದೇ ಕ್ಯೂ. ಚಪ್ಪಲಿ ಅಲ್ಲಿ ಹಾಯಾಗಿ ಕೂತಿರುತ್ತದೆ, ರೋಗಿ ಮಾತ್ರ ಕುಂಟುತ್ತಾ ಮನೆಗೆ. ಮಲ್ಲಿಕಾರ್ಜುನಯ್ಯನವರಂತೂ ಸರದಿ ಬರುವಷ್ಟರಲ್ಲಿ ಚಿಕ್ಕಪೇಟೆಯ ತಮ್ಮ ಸೀರೆ ಅಂಗಡಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತಿದ್ದರು.

ಶೈಲಜಮ್ಮ: ಒಂದು ವಾರದಿಂದ ನಿಮ್ಮ ಚಪ್ಪಲಿ ಡಾಕ್ಟ್ರ ಹತ್ರ ಹೋಗಿ ಬರ್ತಿದೆ. ಅದು ಆರೋಗ್ಯವಾಗೇ ಇದೆ! ಶುಗರ್ ಇರೋರು ಬರಿಗಾಲಲ್ಲಿ ಓಡಾಡ್ತಾರೇನ್ರೀ?

ಮಲ್ಲಿಕಾರ್ಜುನಯ್ಯ: ಮೆಲ್ಲಗೆ! ಪಕ್ಕದ್ಮನೆಯೋರಿಗೆ ಕೇಳ್ಸುತ್ತೆ. ನಂಗೆ ಶುಗರ್ ಇಲ್ಲ, ಬಾರ್ಡರ್ ಅಷ್ಟೆ.

ಶೈಲಜಮ್ಮ: ಬಾರ್ಡರ್ ಇರೋದು ನಿಮ್ಮ ಅಂಗಡಿ ಸೀರೆಗೆ!

ಮಲ್ಲಿಕಾರ್ಜುನಯ್ಯ: ಊರಿಗೆಲ್ಲ ಗೊತ್ತಾದ್ರೆ ಮದುವೆಮನೇಲಿ ಹೋಳಿಗೆ ನನ್ನ ಎಲೆ ದಾಟ್ಕೊಂಡು ಹೋಗುತ್ತೆ ಕಣೇ.

ಶೈಲಜಮ್ಮನಿಗೆ ರೇಗಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಶುಗರ್ ಇದ್ದ ಅವರ ಅಣ್ಣ ಇಂಥದ್ದೇ ಒಂದು ಗುಳ್ಳೆಯನ್ನು ಅಸಡ್ಡೆ ಮಾಡಿ ಆಸ್ಪತ್ರೆ ಸೇರಿ, ಬೆರಳು ಕಳೆದುಕೊಂಡು ಬಂದಿದ್ದರು. ಆಟೋ ಹಿಡಿದು ಗಂಡನನ್ನು ಎಳೆದುಕೊಂಡು ಹೋಗಿ, ಚಪ್ಪಲಿಗಳ ಸಾಲು ದಾಟಿ ಸೀದಾ ಒಳಗೆ ನುಗ್ಗಿದರು.

ವಾದಿರಾಜ: ಹೋದ ವಾರಾನೇ ಯಾಕ್ರೀ ಬರ್ಲಿಲ್ಲ?

ಮಲ್ಲಿಕಾರ್ಜುನಯ್ಯ: ದಿನಾ ಬಂದಿದೀನಲ್ಲ ಡಾಕ್ಟ್ರೇ, ಚಪ್ಪಲಿ ನೋಡ್ಲಿಲ್ವಾ?

ವಾದಿರಾಜ: ಬರಿಗಾಲಲ್ಲಿ ಓಡಾಡ್ಬೇಡಿ ಅಂತ ಬಡ್ಕೊಂಡಿದ್ನಲ್ರೀ!

ಶೈಲಜಮ್ಮ: ನೀವು ಒಳಗೆ ಹಾಗಂತೀರ. ಹೊರಗೆ ನಿಮ್ಮ ಮೆಟ್ಟಿಲು ಚಪ್ಪಲಿ ಬಿಚ್ಚಿಸ್ಕೊಂಡು ಕಳಿಸುತ್ತೆ.

ಡಾಕ್ಟರು ಒಮ್ಮೆ ಬಾಗಿಲಾಚೆಯ ಚಪ್ಪಲಿ ಸಾಲನ್ನು ನೋಡಿದರು. ತಲೆ ತಗ್ಗಿಸಿ ಗಾಯ ತೊಳೆದು ಪಟ್ಟಿ ಕಟ್ಟಿದರು.

ವಾದಿರಾಜ: ಇನ್ನೆರಡು ದಿನ ಬಿಟ್ಟಿದ್ರೆ ಅಡ್ಮಿಟ್ ಮಾಡ್ಬೇಕಿತ್ತು. ಸದ್ಯ, ಬೆರಳು ಉಳೀತು. ನಾಳೆಯಿಂದ ಚಪ್ಪಲಿ ಕ್ಯೂ ಬಂದ್. ಶುಗರ್ ಇರೋರು ಕಾಲಿಗೆ ಗಾಯ ಆದ್ರೆ ಕಾಯೋ ಹಾಗಿಲ್ಲ, ಸೀದಾ ಒಳಗೆ ಬರ್ಬೇಕು.

ಮಲ್ಲಿಕಾರ್ಜುನಯ್ಯ: ನಂದು ಬರೀ ಬಾರ್ಡರ್ರು...

ವಾದಿರಾಜ: ಬಾರ್ಡರ್‌ನೋರು ಕ್ಯೂನಲ್ಲಿ ನಿಂತ್ಕೊಳ್ಳಿ.

ಮರುದಿನ ಪಟ್ಟಿ ಬದಲಾಯಿಸಲು ಬಂದಾಗ ಬಾಗಿಲ ತುಂಬ ಜನ. ಅರ್ಧಕ್ಕರ್ಧ ಅಂಗಡಿಯ ಗಿರಾಕಿಗಳೇ. ಆಗಲೇ ಅಂಗಡಿ ತೆಗೆಯುವ ಹೊತ್ತು. ಶೈಲಜಮ್ಮ ಗಂಡನ ಮುಖ ನೋಡಿದರು. ಮಲ್ಲಿಕಾರ್ಜುನಯ್ಯ ಚಪ್ಪಲಿ ಮೆಟ್ಟಿದ ಕಾಲನ್ನು ಮೆಟ್ಟಿಲ ಮೇಲಿಟ್ಟು, ಇಡೀ ಬೀದಿಗೆ ಕೇಳುವಂತೆ ಕೂಗಿದರು:

"ದಾರಿ ಬಿಡ್ರಪ್ಪಾ, ನಂಗೆ ಶುಗರ್ರು! ಬಾರ್ಡರ್ ಅಲ್ಲ, ಫುಲ್ ಶುಗರ್ರು!"