ಬೆಂಚಿನ ಎಡತುದಿ

ಎಲ್ಲಕ್ಕೂ ಕಾರಣ ಒಂದು ಬೂಟಿನ ದಾರ. ಫುಟ್‌ಬಾಲ್ ಸೀಸನ್ನಿನ ಮೊದಲ ಪಂದ್ಯದಲ್ಲಿ ಮೀಸಲು ಗೋಲ್‌ಕೀಪರ್ ಬೆಂಚಿನ ಎಡತುದಿಯಲ್ಲಿ ಕೂತು, ಬಗ್ಗಿ ದಾರ ಕಟ್ಟಿಕೊಳ್ಳುತ್ತಿದ್ದಾಗ ಅವನ ಕಾಲೇಜು ತಂಡ ಗೋಲು ಹೊಡೆಯಿತು. ಮುಂದಿನ ಪಂದ್ಯದಲ್ಲೂ ದಾರ ಬಿಚ್ಚಿಕೊಂಡಿತು, ಪುಣ್ಯಾತ್ಮ ಬಗ್ಗಿದ, ಗೋಲಾಯಿತು. ಅಲ್ಲಿಗೆ ಅವನ ಕತೆ ಮುಗಿಯಿತು.

ಕೋಚ್ ಎಂದರೆ ಅದೇ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು. "ಪ್ರಯೋಗ ಮತ್ತೆ ಮಾಡಿದಾಗ್ಲೂ ಅದೇ ಫಲ ಬಂದ್ರೆ ಅದನ್ನ ನಿಯಮ ಅಂತಾರೆ," ಎಂದು ಅವರು ತೀರ್ಪು ಕೊಟ್ಟರು. "ನೀನು ಅಲ್ಲೇ ಕೂತು ದಾರ ಕಟ್ತಾ ಇರು. ಏಳ್ಬೇಡ." ಇಡೀ ಸೀಸನ್ ಅವನು ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ತಂಡ ಗೆಲ್ಲುತ್ತಲೇ ಹೋಯಿತು. ಹುಡುಗರು ಅವನಿಗೆ 'ಬೆಂಚು' ಎಂದೇ ಹೆಸರಿಟ್ಟರು.

ಹೆಸರಿಗೆ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಕೊರಗಿದ್ದು ಅಮ್ಮನ ಬಗ್ಗೆ. ಗೋಲಿನಲ್ಲಿ ನಿಲ್ಲುವವನು ತಾನೇ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದ. ಪಂದ್ಯ ಮುಗಿದ ಮೇಲೆ ನಲ್ಲಿಯ ಹತ್ತಿರ ಹೋಗಿ, ಜರ್ಸಿಗೆ ಕೈಯಾರೆ ಕೆಸರು ಬಳಿದುಕೊಂಡು ಮನೆಗೆ ಹೋಗುತ್ತಿದ್ದ. ಹೊಲಿಗೆ ಅಂಗಡಿಯಲ್ಲಿ ದಿನವಿಡೀ ಮಿಷನ್ ತುಳಿದು ಬಂದ ಅಮ್ಮ ಅದನ್ನು ಉಜ್ಜಿ ಉಜ್ಜಿ ತೊಳೆಯುತ್ತಾ, "ಎಷ್ಟು ಸಲ ಬಿದ್ದೆಯೋ ಪಾಪ," ಎನ್ನುತ್ತಿದ್ದಳು. ಆಗೆಲ್ಲ ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು. ಒಂದೇ ಒಂದು ಸಲ ನಿಜವಾಗಿ ಆಡಿ, ಅದನ್ನು ಅಮ್ಮ ನೋಡಿದ್ದರೆ ಸಾಕಿತ್ತು.

ಫೈನಲ್ ಅವನ ಕಾಲೇಜು ಜೀವನದ ಕೊನೆಯ ಪಂದ್ಯ. ಅಂಗಡಿಗೆ ರಜೆ ಹಾಕಿ ಅಮ್ಮ ಬಂದೇಬಿಟ್ಟಳು.

"ಯಾಕೋ ಇಲ್ಲಿ ಕೂತಿದೀಯ?" ಬೆಂಚಿನ ಹಿಂದೆ, ಹಗ್ಗದಾಚೆಯಿಂದ ಕೇಳಿದಳು.

"ಸ್ವಲ್ಪ ರೆಸ್ಟು ಅಮ್ಮ. ಆಮೇಲೆ ಹೋಗ್ತೀನಿ."

"ಬೂಟಿಗೇನಾಗಿದೆ?"

"ಏನಿಲ್ಲ."

"ಮತ್ಯಾಕೆ ಬಿಚ್ಚಿ ಬಿಚ್ಚಿ ಕಟ್ತಿದೀಯ?"

ಅವನು ಇನ್ನೊಂದು ಬೂಟಿನ ದಾರಕ್ಕೆ ಕೈ ಹಾಕಿದ.

ಪಂದ್ಯ ಒಂದು-ಒಂದರಲ್ಲಿ ನಿಂತಿತ್ತು. ಇನ್ನೇನು ಮುಗಿಯಬೇಕು, ಗೋಲಿನಲ್ಲಿದ್ದ ಕೀಪರನ ಕೈಗೆ ಚೆಂಡು ಬಡಿದು ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿಕೊಂಡಿತು. ಬೆಂಚು ಚಂಗನೆ ಎದ್ದ. ಕೋಚ್ ಅವನ ಹೆಗಲು ಒತ್ತಿ ಕೂರಿಸಿದರು.

"ನೀನು ಎದ್ರೆ ಕಪ್ ಕೈಬಿಟ್ಟ ಹಾಗೇ."

"ಸರ್, ಅವನ ಕೈ ನೋಡಿ."

"ಇನ್ನೊಂದು ಕೈ ಇದೆಯಲ್ಲ."

ಯಾರೂ ಕೇಳದಿದ್ದರೂ ಕ್ಯಾಂಟೀನಿನ ಮಾಲೀಕ ಬಂದು, "ಮೇಷ್ಟ್ರು ಓದಿದೋರು, ಮಾತು ಕೇಳಪ್ಪ," ಎಂದು ಇನ್ನೊಂದು ಹೆಗಲು ಒತ್ತಿದ. ಒಂಟಿ ಕೈಯ ಕೀಪರನನ್ನೇ ನಿಲ್ಲಿಸಿ ಹೇಗೋ ಹೊತ್ತು ತಳ್ಳಿದರು. ಪಂದ್ಯ ಪೆನಾಲ್ಟಿ ಒದೆತಗಳಿಗೆ ಹೋಯಿತು. ಆಗ ಕೀಪರ್ ಕೈಗವಸು ಬಿಚ್ಚಿ, ತನ್ನ ಹೆಬ್ಬೆರಳನ್ನು ತಾನೇ ನೋಡಿ, ಕಣ್ಣು ತೇಲಿಸಿ ಬಿದ್ದ.

ಬೇರೆ ದಾರಿ ಇರಲಿಲ್ಲ. "ಹೋಗು ಮಾರಾಯ," ಎಂದರು ಕೋಚ್, ಮನೆಗೆ ಬೆಂಕಿ ಬಿದ್ದವರ ದನಿಯಲ್ಲಿ. ಬೆಂಚು ಕೈಗವಸು ಹಾಕಿಕೊಳ್ಳುತ್ತಲೇ ಓಡಿದ. ನಿಂತು ನಿಂತು ಕಾಲು ಸೋತಿದ್ದ ಅಮ್ಮ ಹಗ್ಗದಡಿ ನುಸುಳಿ, ಖಾಲಿಯಾದ ಎಡತುದಿಯಲ್ಲಿ ಕೂತಳು. ದೂರದ್ದು ಕಾಣಬೇಕಾದರೆ ಕನ್ನಡಕ ಬೇಕು. ಬಗ್ಗಿ ಚೀಲದೊಳಗೆ ತಲೆ ಹಾಕಿ ಹುಡುಕತೊಡಗಿದಳು.

ಅಷ್ಟರಲ್ಲಿ ಮೊದಲ ಒದೆತ. ಬೆಂಚು ಬಲಕ್ಕೆ ಹಾರಿದ. ಚೆಂಡು ಅವನ ಅಂಗೈಗೆ ಬಡಿದು ಹೊರಗೆ ಹೋಯಿತು. ಮೈದಾನಕ್ಕೆ ಮೈದಾನವೇ ಕೂಗಿತು. ಕೋಚ್ ತಿರುಗಿ ನೋಡಿದರು. ಅದೇ ಎಡತುದಿ, ಬಗ್ಗಿದ ತಲೆ. ಅವರ ಮುಖ ಬೆಳಗಿತು.

"ಅಮ್ಮಾ, ದಯವಿಟ್ಟು ತಲೆ ಎತ್ಬೇಡಿ."

"ನನ್ನ ಮಗ ಆಡ್ತಿದಾನಪ್ಪ."

"ಅವನಿಗೋಸ್ಕರಾನೇ ಹೇಳ್ತಿರೋದು. ನೀವು ತಲೆ ಎತ್ತಿದ್ರೆ ಅವನು ಸೋಲ್ತಾನೆ."

ಕೊನೆಯ ಒದೆತವನ್ನೂ ಬೆಂಚು ತಡೆದ. ಕಪ್ ಗೆದ್ದಾಗಿತ್ತು. ಎದೆಯ ತುಂಬ ಅಸಲಿ ಕೆಸರು ಮೆತ್ತಿಕೊಂಡು ಓಡಿ ಬಂದ.

"ಅಮ್ಮಾ, ನೋಡಿದ್ಯಾ?"

ಚೀಲದೊಳಗಿಂದಲೇ ದನಿ ಬಂತು. "ಮುಗೀತೇನೋ? ಎತ್ಲಾ ಈಗ?" ಮೆಲ್ಲಗೆ ತಲೆ ಎತ್ತಿದಳು. ಕನ್ನಡಕ ಕೈಯಲ್ಲೇ ಇತ್ತು. "ಇದು ಆಗ್ಲೇ ಸಿಕ್ಕಿತ್ತು ಕಣೋ. ನೀನು ಗೆಲ್ಲಲಿ ಅಂತ ನೋಡ್ಲಿಲ್ಲ."

ಅವನು ಕೈಗವಸು ಬಿಚ್ಚಿದ. ಸೋತು ಅವಳ ಕಣ್ಣಿಗೆ ಬಿದ್ದಿದ್ದರೂ ಆಗುತ್ತಿತ್ತಲ್ಲ ಎಂದುಕೊಂಡ. ಅಷ್ಟರಲ್ಲಿ ಹುಡುಗರು ಅಮ್ಮನನ್ನು ಸುತ್ತುವರಿದಿದ್ದರು. ಗೆಲ್ಲಿಸಿದವಳು ಅವಳೇ ಎಂದು ಕೋಚ್ ಎಲ್ಲರಿಗೂ ನಿಯಮ ವಿವರಿಸುತ್ತಿದ್ದರು. ಫೋಟೋಗೆ ಅವಳನ್ನು ನಟ್ಟನಡುವೆ ಕೂರಿಸಿ ಕಪ್ ಕೈಗಿಟ್ಟರು. ಎಚ್ಚರಗೊಂಡಿದ್ದ ಕೀಪರ್ ಹೆಬ್ಬೆರಳೆತ್ತಿ ಪಕ್ಕದಲ್ಲಿ ನಿಂತ. ಯಾರಾದರೂ ಫೋಟೋ ತೆಗೆಯಬೇಕಲ್ಲ. ಕ್ಯಾಪ್ಟನ್ ತನ್ನ ಮೊಬೈಲನ್ನು ಬೆಂಚಿನ ಕೈಗೆ ಕೊಟ್ಟ.

ಅಮ್ಮ ಕನ್ನಡಕ ಹಾಕಿಕೊಂಡು ಅವನತ್ತ ಕತ್ತು ಚಾಚಿದಳು.

"ಆ ಮೊಬೈಲ್ ಸ್ವಲ್ಪ ಪಕ್ಕಕ್ಕೆ ಹಿಡಿಯೋ, ನಿನ್ನ ಮುಖಾನೇ ಕಾಣ್ತಿಲ್ಲ."

"ಅಮ್ಮಾ, ಅಲ್ಲಾಡ್ಬೇಡಿ," ಎಂದರು ಕೋಚ್.

ಬೆಂಚು ಗುಂಡಿ ಒತ್ತಿದ.