ಊಟಕ್ಕೆ ಇಬ್ಬರು

ಎಲ್ಲಾ ರಗಳೆಗೂ ಮೂಲ ಒಂದೇ ಒಂದು ಅಕ್ಷರ.

ಶುಕ್ರವಾರ ಸಂಜೆ ನೀರು ಸರಬರಾಜು ಕಚೇರೀಲಿ ಒಂದು ಹಾಳೆ ಮೇಜಿಂದ ಮೇಜಿಗೆ ಬಂತು. ಬರೆದೋರು ಟಪಾಲು ಗುಮಾಸ್ತರು. ಅವರ ಅಕ್ಷರ ಅಂದ್ರೆ ಇರುವೆಯೊಂದು ಮಸಿಗೆ ಬಿದ್ದು, ಎದ್ದು, ತಲೆ ತಿರುಗಿ ಮನೆ ಹುಡುಕಿಕೊಂಡು ಹೋದ ದಾರಿ. ಮೀಟರಪ್ಪ ಆಗಷ್ಟೇ ಬಿಸಿಲಲ್ಲಿ ನಾಲ್ಕು ಬೀದಿ ಸುತ್ತಿ ಬಂದಿದ್ದ. ಕಣ್ಣೊಳಗೆ ಬೆವರು, ಕನ್ನಡಕದ ಒಂದು ಕಾಲು ಮುರಿದು ಜೇಬಲ್ಲಿ. ಹಾಳೇನ ಕೈಯುದ್ದ ದೂರ ಹಿಡಿದು ಓದಿದ. ‘ಭಾನುವಾರ ಸಿಬ್ಬಂದಿಗೆಲ್ಲ ಊಟ. ಬರುವವರು ಹೆಸರು ಬರೆಯಿರಿ.’

ಅವನಿಗೆ ನಂಬೋಕೇ ಆಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಈ ಕಚೇರಿ ಅವನಿಗೆ ಒಂದು ಲೋಟ ಚಹಾ ಕೊಟ್ಟದ್ದಿಲ್ಲ. ಕಚೇರಿಯ ಮನಸ್ಸು ಬದಲಾಗೋದ್ರೊಳಗೆ ಬರೆದುಬಿಡೋಣ ಅಂತ ಆರನೇ ಸಾಲಲ್ಲಿ ಹೆಸರು ಬರೆದ, ಪಕ್ಕದಲ್ಲಿ ಹೀಗೂ ಸೇರಿಸಿದ: ‘ಹೆಂಡತಿ ಸೇರಿ ಇಬ್ಬರು. ಸ್ವಲ್ಪ ತಡವಾಗಬಹುದು, ನಮಗೂ ಉಳಿಸಿ.’

ಶನಿವಾರ ಕನ್ನಡಕದ ಕಾಲಿಗೆ ದಾರ ಸುತ್ತಿಕೊಂಡು ಬಂದು ನೋಡ್ತಾನೆ, ನೋಟಿಸ್ ಬೋರ್ಡಲ್ಲಿ ದಪ್ಪಕ್ಷರದಲ್ಲಿ ಟೈಪಾಗಿದೆ. ‘ನೀರು ಉಳಿಸಿ ಓಟ. ಐದು ಕಿಲೋಮೀಟರ್.’ ಊಟ ಅಲ್ಲ, ಓಟ. ಕೆಳಗೆ ಓಡುವವರ ಪಟ್ಟಿ. ನಂಬರ್ ೬, ಅವನು. ನಂಬರ್ ೭, ಅವನ ಹೆಂಡತಿ.

ಮೀಟರಪ್ಪ ಅನ್ನೋದು ಅವನ ಹೆಸರಲ್ಲ ಬಿಡಿ. ಮನೆ ಮನೆಗೆ ಹೋಗಿ ನೀರಿನ ಮೀಟರ್ ಓದಿ ಬರೆದುಕೊಂಡು ಬರೋನು. ಹೆಸರು ಯಾವಾಗಲೋ ಸವೆದು ಕೆಲಸ ಮಾತ್ರ ಉಳಿದುಕೊಂಡಿತ್ತು. ಹೆಸರಿನ ಜೊತೆಗೆ ಎರಡು ಮಂಡಿಗಳೂ ಸವೆದಿದ್ವು. ಅದಕ್ಕೇ ಅವನು ಹೋದ ತಿಂಗಳು ಅರ್ಜಿ ಕೊಟ್ಟಿದ್ದ. ದೂರು ಕೌಂಟರಿನ ಮುದುಕರು ಈ ವಾರ ನಿವೃತ್ತಿ. ಅವರ ಕುರ್ಚಿ ಫ್ಯಾನಿನ ಕೆಳಗಿದೆ, ಕುರ್ಚಿಗೆ ದಿಂಬಿದೆ, ಪಕ್ಕದಲ್ಲೇ ತಣ್ಣೀರಿನ ಕೊಡ ಇದೆ. ‘ಮಂಡಿ ನೋವಿನಿಂದ ನಡೆಯಲು ಅಸಾಧ್ಯ, ದಯವಿಟ್ಟು ಕೂರುವ ಕೆಲಸ ಕೊಡಿ’ ಅಂತ ಅರ್ಜಿ. ಇನ್ನೂ ಯಾರೋ ಒಬ್ಬರು ಅದೇ ಕುರ್ಚಿಗೆ ಅರ್ಜಿ ಹಾಕಿದ್ದಾರೆ ಅಂತ ಸುದ್ದಿ, ಯಾರು ಅಂತ ಗೊತ್ತಿಲ್ಲ. ಸಾಹೇಬರು ಭಾನುವಾರ ಓಟದ ವೇದಿಕೆ ಮೇಲೇ ತೀರ್ಮಾನ ಹೇಳ್ತಾರಂತೆ.

ಈಗ ನೋಡಿ ಅವನ ಪರಿಸ್ಥಿತಿ. ಓಡಿದರೆ, ‘ನಡೆಯಲು ಅಸಾಧ್ಯ ಅಂದೋನು ಓಡ್ತಾನೆ’ ಅಂತ ಕುರ್ಚಿ ಹೋಯ್ತು. ‘ತಪ್ಪಾಗಿ ಓದಿಬಿಟ್ಟೆ ಸಾರ್, ಹೆಸರು ತೆಗೀರಿ’ ಅಂದ್ರೆ, ಓದೋಕೆ ಬರದೋನನ್ನ ದೂರು ಓದೋ ಕೌಂಟರಲ್ಲಿ ಯಾರು ಕೂರಿಸ್ತಾರೆ? ಆಗಲೂ ಕುರ್ಚಿ ಹೋಯ್ತು.

“ಅಣ್ಣ, ಇಷ್ಟಕ್ಕೆಲ್ಲ ಮುಖ ಬಾಡಿಸಿಕೊಂಡು ಕೂತ್ರೆ ಹೇಗೆ?” ಅಂತ ಹಿಂದಿಂದ ಹೆಗಲ ಮೇಲೆ ಕೈ ಬಿತ್ತು.

ಪರೋಪಕಾರಿ. ಇವನೂ ಮೀಟರ್ ಓದೋನೇ, ಮೂವತ್ತರ ಆಳು, ಗುಡ್ಡದ ವಾರ್ಡು ನೋಡಿಕೊಳ್ಳೋನು. ಯಾರಿಗೆ ಏನು ತೊಂದರೆ ಬಂದ್ರೂ ಕರೆಯೋ ಮೊದಲೇ ಹಾಜರ್. ಅವನ ಸಹಾಯ ಪಡೆದೋರೆಲ್ಲ ಆಮೇಲೆ ಯಾಕೋ ಸ್ವಲ್ಪ ಇಳಿದು ಹೋಗಿರ್ತಿದ್ರು, ಆದರೆ ಅದು ಅವನ ತಪ್ಪು ಅಂತ ಯಾರೂ ಹೇಳೋ ಹಾಗಿರಲಿಲ್ಲ.

ಪರೋಪಕಾರಿ ಪೂರಾ ಕೇಳಿಸಿಕೊಂಡ. “ತುಂಬಾ ಸುಲಭ ಅಣ್ಣ. ಓಡಿ. ಆದರೆ ಕೊನೆಗೆ ಬನ್ನಿ. ಎಲ್ಲರಿಗಿಂತ ಕೊನೆಗೆ, ಕುಂಟಿಕೊಂಡು. ಡಾಕ್ಟರ್ ಚೀಟಿನ ಯಾರು ಬೇಕಾದ್ರೂ ಬರೆಸಬಹುದು. ಇದು ಓಟದ ಲೆಕ್ಕದ ಪುಸ್ತಕದಲ್ಲಿ ಬರುತ್ತಲ್ಲ.”

ಮೀಟರಪ್ಪನ ಕಣ್ಣು ಹೊಳೀತು. ಸಾಹೇಬರಿಗೆ ಪುಸ್ತಕ ಅಂದ್ರೆ ಪುಸ್ತಕ. ಒಂದ್ಸಲ ರಸ್ತೆ ಅಗಲ ಮಾಡೋಕೆ ಒಂದು ಮನೇನ ಕೆಡವಿದ್ರು. ಮೀಟರಪ್ಪ ಹೋಗಿ ‘ಮನೆಯೇ ಇಲ್ಲ ಸಾರ್’ ಅಂದ್ರೆ, ಸಾಹೇಬರು ಪುಸ್ತಕ ತಿರುವಿ, “ಇಲ್ಲಿ ಇದೆಯಲ್ರೀ, ಬಾಗಿಲು ಸರಿಯಾಗಿ ತಟ್ಟಿದ್ರಾ?” ಅಂತ ಕೇಳಿದ್ರು. ಕಣ್ಣಲ್ಲಿ ಕಂಡದ್ದನ್ನ ಅವರು ನಂಬೋರಲ್ಲ.

“ಓಡದೇ ನಿಂತುಬಿಟ್ರೆ ಪುಸ್ತಕದಲ್ಲಿ ಬರಲ್ಲ,” ಅಂತ ಪರೋಪಕಾರಿ ಬೆರಳೆತ್ತಿದ. “ಗೆರೆ ಮುಟ್ಟಲೇಬೇಕು. ನೆನಪಿರಲಿ.”

ಹೆಂಡತಿಗೆ ಮಾತ್ರ ಹೇಳೋ ಧೈರ್ಯ ಬರಲಿಲ್ಲ. ಶುಕ್ರವಾರ ರಾತ್ರೀನೇ ಅವಳು ಟ್ರಂಕಿಂದ ಒಳ್ಳೆ ಸೀರೆ ತೆಗೆದಿಟ್ಟಾಗಿತ್ತು. “ನಂಗೆ ಬೆಳಗ್ಗೆ ಡ್ಯೂಟಿ ಇದೆ, ನೀನು ಹನ್ನೆರಡಕ್ಕೆ ಮೈದಾನಕ್ಕೆ ಬಾ,” ಅಂದ.

“ಹಾಗಾದ್ರೆ ಬೆಳಗ್ಗೆ ತಿಂಡಿ ಮಾಡಲ್ಲ ರೀ. ಸುಮ್ನೆ ಹೊಟ್ಟೆ ತುಂಬಿಸಿಕೊಂಡು ಯಾಕೆ ಹೋಗೋದು,” ಅಂದಳು.

ಹೀಗೆ ಭಾನುವಾರ ಖಾಲಿ ಹೊಟ್ಟೇಲಿ ಮೀಟರಪ್ಪ ಮೈದಾನದಲ್ಲಿ ನಿಂತಿದ್ದ. ಓಟ ಆರು ಗಂಟೆಗೆ ಅಂತಿತ್ತು. ಅತಿಥಿಗಳು ಬಂದದ್ದು ಹತ್ತೂವರೆಗೆ. ಅಷ್ಟೊತ್ತಿಗೆ ಸೂರ್ಯ ಓಟಕ್ಕೆ ತಾನೂ ಹೆಸರು ಕೊಟ್ಟೋನ ಹಾಗೆ ನೆತ್ತಿ ಮೇಲೆ ಬಂದು ತಯಾರಾಗಿ ನಿಂತಿದ್ದ. ಟಾರು ಕರಗಿ ಚಪ್ಪಲಿ ಹಿಡ್ಕೊಳ್ತಿತ್ತು. ಕುಡಿಯೋಕೆ ಅಂತ ತಂದಿದ್ದ ಟ್ಯಾಂಕರ್ ನೀರನ್ನ ಅತಿಥಿಗಳ ಕಾರಿಗೆ ಧೂಳಾಗುತ್ತೆ ಅಂತ ನೆಲಕ್ಕೆ ಹೊಯ್ದು ಮುಗಿಸಿದ್ರು. ಎಲ್ಲರಿಗೂ ಒಂದೇ ಥರ ಬಿಳಿ ಬನಿಯನ್ನು, ಹುಬ್ಬಿನ ತನಕ ಇಳಿಯೋ ಬಿಳಿ ಟೋಪಿ. ಬೆನ್ನ ಮೇಲೆ ‘ಹನಿ ನೀರೂ ಅಮೂಲ್ಯ’.

ನಂಬರ್ ಚೀಟಿ ಹಂಚೋನು, ಕೇಳಬೇಕೇ, ಪರೋಪಕಾರಿ.

“ಅಣ್ಣ, ಕನ್ನಡಕ ಕೊಡಿ. ದಾರ ಕಟ್ಟಿದ್ದು ಓಡುವಾಗ ಬಿದ್ದು ಒಡೆದೋದ್ರೆ? ನನ್ನ ಹತ್ರ ಇರಲಿ.” ಕನ್ನಡಕ ಅವನ ಜೇಬು ಸೇರ್ತು. “ಎದೆ ಇಲ್ಲಿ ಕೊಡಿ, ಪಿನ್ನು ನಾನೇ ಹಾಕ್ತೀನಿ. ನೀವು ಚುಚ್ಚಿಕೊಂಡುಬಿಡ್ತೀರಿ.”

ಮೀಟರಪ್ಪನಿಗೆ ಸ್ವಂತ ತಮ್ಮ ಇದ್ದಿದ್ರೂ ಹೀಗೆ ಮಾಡ್ತಿರಲಿಲ್ಲ ಅನ್ನಿಸ್ತು.

ಸೀಟಿ ಊದಿದ್ರು. ಅತಿಥಿಗಳೂ ಸಾಹೇಬರೂ ಆ ಕ್ಷಣವೇ ಹಿಂದಿನ ಡೇರೆ ಒಳಗೆ ಹೋಗಿ ಕೂಲರ್ ಮುಂದೆ ಕೂತರು. ಓಡೋರು ಓಡಿಹೋದ್ರು.

ಕೊನೆಗೆ ಬರೋದಕ್ಕೆ ನಾಟಕ ಆಡಬೇಕಾಗುತ್ತೆ ಅಂದ್ಕೊಂಡಿದ್ದ ಮೀಟರಪ್ಪ. ಅದರ ಅಗತ್ಯ ಬೀಳಲಿಲ್ಲ. ಇನ್ನೂರು ಹೆಜ್ಜೆಗೇ ಮಂಡಿಯೊಳಗೆ ಯಾರೋ ಮರಳು ಜರಡಿ ಹಿಡಿದ ಹಾಗೆ ಶುರುವಾಯ್ತು. ಮೊದಲ ತಿರುವಲ್ಲಿ ಅವನ ಪಕ್ಕ ಒಂದು ಬಿಳಿ ಟೋಪಿ ಸರ್ರಂತ ಹೋಯ್ತು. “ಬರ್ತೀನಿ ಅಣ್ಣ,” ಅಂತ ಪರೋಪಕಾರಿ ಧ್ವನಿ ಮಾತ್ರ ಹಿಂದೆ ಉಳೀತು.

ಇನ್ನೊಂದು ಕಷ್ಟ. ಓಟದ ದಾರಿ ಪೂರ್ತಿ ಮೀಟರಪ್ಪ ದಿನಾ ಸುತ್ತೋ ಬೀದಿಗಳೇ. ಗೇಟು ಗೇಟಿಗೂ ಜನ.

“ಮೀಟರಪ್ಪ, ನಿಲ್ರೀ ಸ್ವಲ್ಪ. ನಮ್ಮನೆ ಮೀಟರ್ ಓಡ್ತಾನೇ ಇಲ್ಲ.”

“ನಾನೂ ಓಡ್ತಿಲ್ಲ ಅಕ್ಕ.”

“ಮತ್ತೆ ಕಾಲು ಯಾಕೆ ಹಾಗೆ ಎತ್ತಿ ಎತ್ತಿ ಇಡ್ತಿದ್ದೀರಿ?”

“ಅಕ್ಕ, ಒಂದು ಲೋಟ ನೀರು ಕೊಡ್ತೀರಾ?”

ಅಕ್ಕ ಸೊಂಟದ ಮೇಲೆ ಕೈ ಇಟ್ಟಳು. “ನೀವೇ ಕೇಳ್ತೀರಲ್ಲ, ನಾಚಿಕೆ ಬೇಡ್ವಾ? ನಲ್ಲೀಲಿ ನೀರು ಬಂದು ನಾಲ್ಕು ದಿನ ಆಯ್ತು. ಎದೆ ಮೇಲೆ ನಂಬರ್ ಅಂಟಿಸಿಕೊಂಡು ಬೀದಿ ಸುತ್ತೋ ಬದಲು ನೀರು ಬಿಡಿ.”

ಕ್ಷೌರದಂಗಡಿಯವನು ಕತ್ತರಿ ಹಿಡ್ಕೊಂಡೇ ಹೊರಗೆ ಬಂದ. ಒಳಗೆ ಅರ್ಧ ತಲೆಯ ಗಿರಾಕಿ ಕತ್ತು ಚಾಚಿದ್ದ. “ಯಾರನ್ನ ಹಿಡಿಯೋಕೆ ಹೊರಟಿದ್ದೀರಿ?”

“ಕುರ್ಚಿ,” ಅಂದ ಮೀಟರಪ್ಪ. ಉದ್ದ ಮಾತಿಗೆ ಉಸಿರಿರಲಿಲ್ಲ.

“ಕುರ್ಚಿ ಬೇಕಾದೋರು ಇನ್ನೂ ಜೋರಾಗಿ ಓಡ್ತಾರೆ ಕಣ್ರೀ. ನಾನು ಕಂಡಿಲ್ವಾ.”

ಮೂರನೇ ಕಿಲೋಮೀಟರಿಗೆ ತರಕಾರಿ ಚೀಲ ಹಿಡಿದ ಅಜ್ಜನೊಬ್ಬ ನಡ್ಕೊಂಡೇ ಅವನನ್ನ ದಾಟಿ ಹೋದ. ಹೋಗ್ತಾ, “ಹುಷಾರಿಲ್ವಾ ಮಗಾ?” ಅಂತ ಕೇಳಿದ. ನಾಲ್ಕನೆಯದರಲ್ಲಿ ಆಂಬುಲೆನ್ಸ್ ಅವನ ಹಿಂದೆ ಸವಾರಿ ಹೊರಟ ಹಾಗೆ ನಿಧಾನಕ್ಕೆ ಬರೋಕೆ ಶುರು ಮಾಡ್ತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿದ.

“ಬೀಳ್ತೀರೋ ಇಲ್ವೋ?”

“ಇಲ್ಲಪ್ಪ.”

“ಹಾಗಾದ್ರೆ ಬೇಗ ಮುಗಿಸಿ. ಬೀಳೋದಾದ್ರೂ ಬೇಗ ಬೀಳಿ. ನಂಗೆ ಊಟದ ಹೊತ್ತು.”

ಊಟ ಅನ್ನೋ ಮಾತಿಗೆ ಮೀಟರಪ್ಪನಿಗೆ ಕಣ್ಣು ಕತ್ತಲೆ ಬಂತು. ಆದರೂ ನಿಲ್ಲಲಿಲ್ಲ. ಕಣ್ಣ ಮುಂದೆ ಫ್ಯಾನು ತಿರುಗ್ತಿತ್ತು, ಅದರ ಕೆಳಗೆ ದಿಂಬಿನ ಕುರ್ಚಿ. ಆ ಕುರ್ಚಿ ಸಿಕ್ಕ ದಿನ ಮೊದಲು ಒಂದು ಗಂಟೆ ಸುಮ್ನೆ ಕೂತಿರಬೇಕು. ಯಾರೇ ದೂರು ತಂದ್ರೂ ಎದ್ದು ನಿಲ್ಲಬಾರದು. ಒಂದು ಕಾಲು ಎಳೀತಾ, ಇನ್ನೊಂದನ್ನ ಬೈಕೊಳ್ತಾ, ಒಂದೂಕಾಲು ಗಂಟೆ ಆದಮೇಲೆ ಗೆರೆ ಮುಟ್ಟಿದ.

ಗೆರೆ ಹತ್ರ ಕೊಡೆ ಕೆಳಗೆ ಯಾವುದೋ ಶಾಲೆಯಿಂದ ಕರೆಸಿದ ಡ್ರಿಲ್ ಮಾಸ್ಟರು. ಕಚೇರಿಯ ಒಬ್ಬರ ಮುಖವೂ ಅವರಿಗೆ ಗೊತ್ತಿಲ್ಲ. ಎದೆ ಮೇಲಿನ ನಂಬರ್ ನೋಡಿದ್ರು, ಪುಸ್ತಕದಲ್ಲಿ ಬರೆದ್ರು, “ಕೊನೆ” ಅಂತ ಗೆರೆ ಎಳೆದು ಪುಸ್ತಕ ಮುಚ್ಚಿ ಡೇರೆಗೆ ನಡೆದರು.

ಮೀಟರಪ್ಪ ನೆಲದ ಮೇಲೇ ಕುಸಿದು ಕೂತ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನಿಗೆ ತಾನು ಏನೋ ಗೆದ್ದಿದ್ದೀನಿ ಅನ್ನಿಸ್ತಿತ್ತು.

“ಏನ್ ರೀ ಇದು ಅವತಾರ?” ಹೆಂಡತಿ ಒಳ್ಳೆ ಸೀರೇಲಿ ಮುಂದೆ ನಿಂತಿದ್ದಳು. “ಬಡಿಸೋದು ಎಲ್ಲಿ?”

ಅಷ್ಟೊತ್ತಿಗೆ ಮೈಕು ಕಿರ್ ಅಂತು. ಸಾಹೇಬರು ಪುಸ್ತಕ ಬಿಡಿಸಿಕೊಂಡು ವೇದಿಕೆಗೆ ಬಂದಿದ್ರು. ಮೊದಲನೆಯದು, ಎರಡನೆಯದು ಯಾರೋ ಹೊರಗಿಂದ ಬಂದು ಓಡಿದ ಕಾಲೇಜಿನವರು. “ಮೂರನೇ ಸ್ಥಾನ, ನಮ್ಮ ಕಚೇರಿಗೇ ಹೆಮ್ಮೆ. ಇಪ್ಪತ್ನಾಲ್ಕು ನಿಮಿಷ. ನಂಬರ್ ಆರು, ನಮ್ಮ ಮೀಟರಪ್ಪ.”

ಚಪ್ಪಾಳೆ. ಮೀಟರಪ್ಪ ಹಿಂದೆ ತಿರುಗಿ ಇನ್ಯಾವ ಮೀಟರಪ್ಪ ಇದ್ದಾನೆ ಅಂತ ನೋಡಿದ.

“ತಗೊಳ್ಳಿ ಅಣ್ಣ ಕನ್ನಡಕ.” ಪರೋಪಕಾರಿ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದ. ಮೈ ಒಣಗಿತ್ತು, ಎದೆ ಮೇಲೆ ಚೀಟಿ ಇರಲಿಲ್ಲ. ಮೀಟರಪ್ಪ ಕನ್ನಡಕ ಏರಿಸಿ ತನ್ನ ಎದೆ ನೋಡಿಕೊಂಡ. ೬ಕ್ಕೂ ೯ಕ್ಕೂ ಇರೋದು ಒಂದು ಬಾಲದ ವ್ಯತ್ಯಾಸ. ಆ ಬಾಲ ಬೆವರಲ್ಲಿ ನೆಂದರೂ ಸ್ಪಷ್ಟವಾಗಿತ್ತು. ಅವನ ಎದೆ ಮೇಲಿದ್ದದ್ದು ೯.

“ಇದು ನಿನ್ನ ನಂಬರ್ ಅಲ್ವೇನೋ?”

“ಅಯ್ಯೋ, ಅದಲು ಬದಲಾಗಿಬಿಟ್ಟಿದೆ ನೋಡಿ. ಇರಿ, ಒದ್ದೆ ಆಗಿದೆ, ತೆಗೀತೀನಿ.” ಅವನ ಬೆರಳು ಆಗಲೇ ಪಿನ್ನು ಬಿಚ್ಚಿ ಒದ್ದೆ ಚೀಟೀನ ತನ್ನ ಎದೆಗೆ ಚುಚ್ಚಿಕೊಳ್ತಿತ್ತು.

“ನಾನು ಹೋಗಿ ಹೇಳ್ತೀನಿ. ನಾನು ಹಾಕಿದ್ದು ಒಂಬತ್ತು, ಆರಲ್ಲ ಅಂತ.”

“ಹೇಳಿ ಅಣ್ಣ, ಧಾರಾಳವಾಗಿ ಹೇಳಿ.” ಪರೋಪಕಾರಿ ದನಿ ತಗ್ಗಿಸಿದ. “ಆದರೆ ಯೋಚನೆ ಮಾಡಿ. ಇಪ್ಪತ್ತೆರಡು ವರ್ಷ ಮೀಟರ್ ಓದಿದೋರು ನೀವು. ನಂಗೆ ಆರಕ್ಕೂ ಒಂಬತ್ತಕ್ಕೂ ವ್ಯತ್ಯಾಸ ಕಾಣಲ್ಲ ಅಂತ ಮೈಕಲ್ಲಿ ಹೇಳಿದ್ರೆ, ಇಲ್ಲಿ ಕೂತಿರೋರೆಲ್ಲ ಯಾರು? ನಿಮ್ಮ ಬೀದಿಯವರೇ. ನಾಳೆ ಹಳೇ ಬಿಲ್ಲೆಲ್ಲ ಹಿಡ್ಕೊಂಡು ಬರ್ತಾರೆ.”

ಮೀಟರಪ್ಪ ಜನರನ್ನ ನೋಡಿದ. ಮೀಟರ್ ಓಡದ ಅಕ್ಕ ಮೊದಲನೇ ಸಾಲಲ್ಲೇ ಕೂತಿದ್ದಳು.

ಹೇಳೋ ಯೋಚನೆ ಬಿಟ್ಟು ವೇದಿಕೆ ಹತ್ತಿದ. ಸಾಹೇಬರು ಅವನ ತೊಯ್ದ ಬನಿಯನ್ನು ತೋರಿಸಿ, “ನೋಡಿ, ಗೆದ್ದೋನ ಬೆವರು ಇನ್ನೂ ಆರಿಲ್ಲ,” ಅಂದ್ರು. ಮತ್ತೆ ಚಪ್ಪಾಳೆ. “ಇವರು ಮಂಡಿ ನೋವು, ನಡೆಯೋಕಾಗಲ್ಲ ಅಂತ ಅರ್ಜಿ ಕೊಟ್ಟಿದ್ರು. ಎಂಥಾ ಹಾಸ್ಯಗಾರರು.” ಜನ ನಕ್ಕರು. “ಇನ್ನೊಬ್ಬರ ಅರ್ಜಿಯೂ ಇದೆ. ನಂಬರ್ ಒಂಬತ್ತು. ಸೊಂಟ ನೋವು. ಪುಸ್ತಕದಲ್ಲಿದೆ ನೋಡಿ, ಒಂದು ಗಂಟೆ ಹದಿನೈದು ನಿಮಿಷ, ಕೊನೇ ಸ್ಥಾನ. ಅಂಥಾ ನೋವಲ್ಲೂ ಗೆರೆ ಮುಟ್ಟಿದ್ದಾರೆ. ದೂರು ಕೌಂಟರು ಇವರಿಗೆ.”

ಪರೋಪಕಾರಿ ಸೊಂಟ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದ. ಅತಿಥಿಗಳು ಎದ್ದು ಕೈ ಆಸರೆ ಕೊಟ್ರು.

“ಖಾಲಿಯಾದ ಗುಡ್ಡದ ವಾರ್ಡು,” ಸಾಹೇಬರು ಮೀಟರಪ್ಪನ ಬೆನ್ನು ತಟ್ಟಿದ್ರು, “ನಾಳೆಯಿಂದ ನಿಮ್ಮ ವಾರ್ಡಿನ ಜೊತೆಗೆ ನೀವೇ. ಇಂಥಾ ಕಾಲಿಗೆ ಗುಡ್ಡ ಯಾವ ಲೆಕ್ಕ.”

ಬಹುಮಾನ ಒಂದು ಜೊತೆ ಓಟದ ಶೂ. ಪೆಟ್ಟಿಗೆ ಮೇಲೆ ಅಳತೆ ೯. ಈ ಸಲ ಕನ್ನಡಕ ಇತ್ತು, ತಪ್ಪಾಗಿ ಓದೋ ಅವಕಾಶ ಇರಲಿಲ್ಲ. ಮೀಟರಪ್ಪನ ಕಾಲು ಆರು.

ಕೆಳಗೆ ಇಳಿದಾಗ ಪರೋಪಕಾರಿ ಕಾಯ್ತಾ ನಿಂತಿದ್ದ. “ನಿಮಗೆ ದೊಡ್ಡದಾಗುತ್ತಲ್ಲ ಅಣ್ಣ. ಸುಮ್ನೆ ಮನೇಲಿ ಜಾಗ ತಿನ್ನುತ್ತೆ. ನನ್ನದು ಒಂಬತ್ತೇ. ಕೊಡಿ, ನೀವ್ಯಾಕೆ ಹೊರ್ತೀರಿ.” ಪೆಟ್ಟಿಗೆ ತಗೊಂಡು, “ಬರ್ತೀನಿ ಅತ್ತಿಗೆ,” ಅಂತ ಅವಳಿಗೂ ಕೈ ಮುಗಿದು, ನಾಲ್ಕು ಹೆಜ್ಜೆ ಕುಂಟಿ, ತಿರುವು ದಾಟಿದ ಮೇಲೆ ನೆಟ್ಟಗೆ ನಡೆದುಹೋದ.

ಮೈದಾನ ಖಾಲಿಯಾಯ್ತು. ಗಂಡ ಹೆಂಡತಿ ಬಿಸಿಲಲ್ಲಿ ಮನೆ ಕಡೆ ಹೊರಟರು. ಅವನು ಒಂದು ಕಾಲು ಎಳೀತಿದ್ದ. ಅವಳು ಸೀರೆ ನೆರಿಗೆ ಎತ್ತಿ ಹಿಡಿದು ಎರಡು ಹೆಜ್ಜೆ ಮುಂದಿದ್ದಳು. ಸ್ವಲ್ಪ ದೂರ ಹೋದಮೇಲೆ ತಿರುಗಿ ಹೇಳಿದಳು.

“ಎಂಥಾ ಒಳ್ಳೆ ಹುಡುಗ ರೀ ಅವನು. ಅಷ್ಟು ಸೊಂಟ ನೋವಿದ್ರೂ ನಿಮ್ಮ ಭಾರ ಹೊತ್ತುಕೊಂಡು ಹೋದ. ಇಪ್ಪತ್ತೆರಡು ವರ್ಷದಲ್ಲಿ ನಿಮ್ಮಿಂದ ಒಬ್ಬರಿಗಾದ್ರೂ ಅಷ್ಟು ಉಪಕಾರ ಆಗಿದೆಯಾ?”